ಕಾಗೆಯೂ ಲೆಕ್ಕಕ್ಕೆ ಸೇರಬೇಕು

ನಾಲ್ಕು ದಶಕ ಅಂಗಡಿಯ ಖಾತೆ ಬರೆದ ನನಗೆ ದಾಸ್ತಾನಿನ ಎಣಿಕೆ ಹೊಸತಲ್ಲ. ಆದರೂ ಫೆಬ್ರವರಿಯ ಒಂದು ಮುಂಜಾನೆ ಮಂಗಳೂರಿನ ಪಕ್ಷಿವೀಕ್ಷಕ ಮಿತ್ರರೊಡನೆ ನೇತ್ರಾವತಿಯ ದಡದಲ್ಲಿ ನಿಂತಾಗ, ಲೆಕ್ಕದ ಧರ್ಮವನ್ನು ಪುನಃ ಓದಿದಂತಾಯಿತು. ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ಎಂಬ ಈ ವಾರ್ಷಿಕ ಪಕ್ಷಿಗಣತಿ 1998ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. 2013ರಿಂದ ಭಾರತವೂ ಪಾಲ್ಗೊಳ್ಳುತ್ತಿದೆ. ಗಣತಿಯ ನಾಲ್ಕು ದಿನಗಳಲ್ಲಿ ಎಂದಾದರೂ ಕನಿಷ್ಠ 15 ನಿಮಿಷ ವೀಕ್ಷಿಸಿ, ಗುರುತು ಸಿಕ್ಕ ಹಕ್ಕಿಗಳನ್ನೆಲ್ಲ ದಾಖಲಿಸುವುದು ಕ್ರಮ.

ಅಪರೂಪದ ಹಕ್ಕಿಯನ್ನು ಬರೆದು ಕಾಗೆ, ಬೆಳ್ಳಕ್ಕಿಗಳನ್ನು ಕೈಬಿಟ್ಟರೆ ಪಟ್ಟಿ ಅಪೂರ್ಣ. ಸಂಶಯವಿದ್ದಲ್ಲಿ ಊಹೆಯ ಹೆಸರು ಸಲ್ಲದು. ಎಣಿಸುವ ಆತುರದಲ್ಲಿ ಹಿಂಡನ್ನು ಬೆದರಿಸಿ ಹಾರಿಸುವುದಾಗಲಿ, ಗೂಡಿನ ಸಮೀಪ ಸುಳಿಯುವುದಾಗಲಿ ಉಚಿತವಲ್ಲ. ಕಾಣುವವನ ಲಾಭಕ್ಕಾಗಿ ಕಾಣಿಸಿಕೊಂಡ ಜೀವಿಗೆ ನಷ್ಟವಾಗಬಾರದಷ್ಟೆ.

ಇಷ್ಟು ಸಣ್ಣ ಪಟ್ಟಿಗಳಿಂದ ಪ್ರಯೋಜನವೇನೆಂದು ಕೇಳುವವರುಂಟು. ಭಾರತದ ಪಕ್ಷಿಗಳ ಸ್ಥಿತಿಗತಿಯನ್ನು ಕುರಿತ 2023ರ ವರದಿಯು 30,000ಕ್ಕೂ ಮಿಕ್ಕ ವೀಕ್ಷಕರ ಸುಮಾರು 3 ಕೋಟಿ ದಾಖಲೆಗಳನ್ನು ಆಧರಿಸಿ 942 ಪ್ರಭೇದಗಳನ್ನು ಪರಿಶೀಲಿಸಿತು. ಕರ್ನಾಟಕದ ರಾಜ್ಯಪಕ್ಷಿ ನೀಲಕಂಠದ ಸಂಖ್ಯೆ ದೇಶದಲ್ಲಿ ಕುಗ್ಗುತ್ತಿರುವುದನ್ನು ಅದು ಎತ್ತಿ ತೋರಿಸಿತು. ತಂತಿಯ ಮೇಲೆ ಸಾಮಾನ್ಯವಾಗಿ ಕುಳಿತಿರುವ ಹಕ್ಕಿ ತಾನೇ ಎಂದು ಎಲ್ಲರೂ ಅದನ್ನು ಬರೆಯದೆ ಬಿಟ್ಟಿದ್ದರೆ, ಆ ನಷ್ಟ ಯಾರ ಖಾತೆಯಲ್ಲಿಯೂ ಕಾಣುತ್ತಿರಲಿಲ್ಲ. ವ್ಯಾಪಾರ ಮುಳುಗುವುದೂ ಬಹುಮಟ್ಟಿಗೆ ಹೀಗೆಯೇ: ಕ್ಷುಲ್ಲಕವೆಂದು ಬರೆಯದೆ ಬಿಟ್ಟ ಬಾಬುಗಳಿಂದ.

ವಾಚಕರು ಬರುವ ಫೆಬ್ರವರಿಯಲ್ಲಿ ತಮ್ಮ ಅಂಗಳದಲ್ಲಿಯೇ 15 ನಿಮಿಷ ನಿಂತು ನೋಡಬಹುದು. ಕಾಗೆಯೊಂದೇ ಬಂದರೆ ಕಾಗೆಯೊಂದನ್ನೇ ಬರೆಯಲಿ.