298ನೇ ಸ್ಥಾನದಿಂದ ಸೆಂಟರ್ ಕೋರ್ಟಿಗೆ

ನಮ್ಮ ಕಾಲೇಜಿನಲ್ಲಿ ಕ್ರಿಕೆಟ್ ಬಿಟ್ಟರೆ ಫುಟ್ಬಾಲ್, ಫುಟ್ಬಾಲ್ ಬಿಟ್ಟರೆ ಕಬಡ್ಡಿ. ಟೆನಿಸ್ ಎಂದ ಕೂಡಲೇ ಹುಡುಗಿಯರ ಬೆಂಚಿನಿಂದ ಬರುವ ಹೆಸರು ಒಂದೇ, ಸಾನಿಯಾ ಮಿರ್ಜಾ. ಹಾಗಾಗಿ ಸೋನಯ್ ಕಾರ್ತಾಲ್ ಬಗ್ಗೆ ಬರೆಯುತ್ತೇನೆ ಎಂದಾಗ ‘ಯಾರವಳು?’ ಎಂದು ಎಲ್ಲರೂ ಕೇಳಿದರು. ಪ್ರಶ್ನೆ ಸರಿಯೇ. ಆಕೆ ಗ್ರ್ಯಾಂಡ್ ಸ್ಲಾಮ್ ಗೆದ್ದಿಲ್ಲ, ಜಾಹೀರಾತುಗಳಲ್ಲೂ ಹೆಚ್ಚು ಕಾಣುವುದಿಲ್ಲ. ಬ್ರಿಟನ್ನಿನ ಆಟಗಾರ್ತಿ, 2001ರಲ್ಲಿ ಹುಟ್ಟಿದವಳು, ಬೆಳೆದದ್ದು ಬ್ರೈಟನ್ ಎಂಬ ಸಮುದ್ರ ತೀರದ ಊರಿನಲ್ಲಿ. ಆರನೇ ವಯಸ್ಸಿನಲ್ಲಿ ಪಕ್ಕದ ಹೋವ್‌ನ ಕ್ಲಬ್ಬೊಂದರಲ್ಲಿ ಆಟ ಶುರು ಮಾಡಿದಳು. ತಂದೆಯ ಮೂಲ ಟರ್ಕಿ. ‘ಕಾರ್ತಾಲ್’ ಎಂದರೆ ಟರ್ಕಿ ಭಾಷೆಯಲ್ಲಿ ಹದ್ದು.

ಗೆದ್ದವರ ಬಗ್ಗೆ ಬರೆಯುವವರು ಬಹಳ ಮಂದಿ ಇದ್ದಾರೆ. ನನಗೆ ಕಾರ್ತಾಲ್ ಇಷ್ಟವಾದದ್ದು ಆಕೆಯ ರ‍್ಯಾಂಕಿಂಗ್ ಲೆಕ್ಕ ನೋಡಿ. ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ, ಆದ್ದರಿಂದ ಲೆಕ್ಕದಿಂದಲೇ ಹೇಳುತ್ತೇನೆ.

ಮಹಿಳಾ ಟೆನಿಸ್‌ನಲ್ಲಿ ಯಾವ ಟೂರ್ನಿಯಲ್ಲಿ ಎಷ್ಟನೇ ಸುತ್ತಿಗೆ ಹೋದಿರಿ ಎಂಬುದರ ಮೇಲೆ ಅಂಕ ಸಿಗುತ್ತದೆ. ಗ್ರ್ಯಾಂಡ್ ಸ್ಲಾಮ್ ಗೆದ್ದರೆ 2,000. ಅದರಲ್ಲಿ ನಾಲ್ಕನೇ ಸುತ್ತು ತಲುಪಿದರೆ 240, ಮೂರನೇ ಸುತ್ತಾದರೆ 130, ಮೊದಲ ಸುತ್ತಿನಲ್ಲೇ ಸೋತರೆ ಬರೀ 10. ಈ ಅಂಕಗಳ ಆಯಸ್ಸು 52 ವಾರ ಮಾತ್ರ. ಹೋದ ಜುಲೈನಲ್ಲಿ ಗಳಿಸಿದ್ದು ಈ ಜುಲೈನಲ್ಲಿ ಅಳಿಸಿ ಹೋಗುತ್ತದೆ. ಅದೇ ಜಾಗದಲ್ಲಿ ಮತ್ತೆ ಗಳಿಸಬೇಕು, ಇಲ್ಲವೇ ಕೆಳಗಿಳಿಯಬೇಕು.

ನಮ್ಮ ಅಂಕಪಟ್ಟಿ ಹಾಗಲ್ಲ. ಅದನ್ನು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಅಲ್ಮೇರಾದಲ್ಲಿ ಇಟ್ಟರೆ ಜೀವಮಾನ ಪೂರ್ತಿ ಹಾಗೇ ಇರುತ್ತದೆ. ನನ್ನ ಎಸ್‌ಎಸ್‌ಎಲ್‌ಸಿ ಅಂಕ ಶೇಕಡಾ 58. ಎರಡು ವರ್ಷವಾಯಿತು, ಈಗಲೂ ಮದುವೆ ಮನೆಯಲ್ಲಿ ಯಾರಾದರೂ ಚಿಕ್ಕಮ್ಮ ಬಿರಿಯಾನಿ ತಟ್ಟೆ ಹಿಡಿದುಕೊಂಡೇ ಕೇಳುತ್ತಾರೆ, ‘ಹತ್ತರಲ್ಲಿ ಎಷ್ಟಿತ್ತು?’ ಈಗ ಏನು ಓದುತ್ತಿದ್ದೀ ಎಂದು ಕೇಳುವವರು ಕಡಿಮೆ. ಒಂದು ದಿನ ಬರೆದ ಪರೀಕ್ಷೆ ಹೆಸರಿನ ಜೊತೆ ಇನಿಷಿಯಲ್ ಥರ ಅಂಟಿಕೊಂಡಿರುತ್ತದೆ. ಚೆನ್ನಾಗಿ ಅಂಕ ತೆಗೆದವರಿಗೂ ಇದರಿಂದ ಸುಖವಿಲ್ಲ. ಶೇಕಡಾ 97 ತೆಗೆದ ನನ್ನ ಗೆಳತಿಗೆ ಪ್ರತಿ ಕಿರುಪರೀಕ್ಷೆಯಲ್ಲೂ ಆ 97 ಎದುರಿಗೆ ಬಂದು ನಿಲ್ಲುತ್ತದೆ.

ಕಾರ್ತಾಲ್ ಕಥೆಗೆ ಬರುತ್ತೇನೆ. ಟಿವಿಯಲ್ಲಿ ಕಾಣುವುದು ಟೆನಿಸ್‌ನ ಮೇಲಿನ ಮಹಡಿ ಮಾತ್ರ. ಕೆಳಗೆ ಐಟಿಎಫ್ ಟೂರ್ನಿಗಳ ದೊಡ್ಡ ಲೋಕವೇ ಇದೆ. ಅದರಲ್ಲಿ ಅತಿ ಚಿಕ್ಕದರ ಹೆಸರು ಡಬ್ಲ್ಯು 15, ಎಂದರೆ ಎಲ್ಲ ಆಟಗಾರ್ತಿಯರಿಗೂ ಸೇರಿ ಬಹುಮಾನದ ಹಣ 15,000 ಡಾಲರ್. ವಾರವಿಡೀ ಆಡಿ ಗೆದ್ದವಳಿಗೆ ಈಗಿನ ಲೆಕ್ಕದಲ್ಲಿ 15 ಅಂಕ. ವಿಮಾನ, ಊಟ, ಕೋಣೆ, ತರಬೇತುದಾರರ ಖರ್ಚು ಎಲ್ಲ ಕಳೆದರೆ ಆ ವಾರ ಲಾಭವೋ ನಷ್ಟವೋ ಎಂದು ಲೆಕ್ಕಶಾಸ್ತ್ರ ಓದುವವರು ಊಹಿಸಬಹುದು. ನಮ್ಮ ಬೆಂಗಳೂರಿನ ಕಬ್ಬನ್ ಪಾರ್ಕ್‌ನಲ್ಲಿರುವ ರಾಜ್ಯ ಟೆನಿಸ್ ಸಂಸ್ಥೆಯ ಅಂಗಳದಲ್ಲೂ ಐಟಿಎಫ್ ಮಹಿಳಾ ಟೂರ್ನಿಗಳು ನಡೆದಿವೆ. ಎಷ್ಟೋ ದೇಶದ ಹುಡುಗಿಯರು ಅಲ್ಲಿಗೆ ಬಂದು ಖಾಲಿ ಗ್ಯಾಲರಿಗಳ ಮುಂದೆ ಆಡಿ ಹೋಗುತ್ತಾರೆ. ಕಾರ್ತಾಲ್ ಹತ್ತಕ್ಕೂ ಹೆಚ್ಚು ಐಟಿಎಫ್ ಪ್ರಶಸ್ತಿ ಗೆದ್ದವಳು. ಆಗ ಆಕೆಯ ಹೆಸರು ಪತ್ರಿಕೆಯಲ್ಲಿ ಬಂದದ್ದು ಅಪರೂಪ.

ವಿಂಬಲ್ಡನ್ ಮಹಿಳೆಯರ ಸಿಂಗಲ್ಸ್‌ನಲ್ಲಿ 128 ಸ್ಥಾನಗಳಿವೆ. ಹೆಚ್ಚಿನವು ರ‍್ಯಾಂಕಿಂಗ್ ಪ್ರಕಾರ ತುಂಬುತ್ತವೆ. ಉಳಿದವುಗಳಲ್ಲಿ 16 ಅರ್ಹತಾ ಸುತ್ತಿನಲ್ಲಿ ಗೆದ್ದು ಬಂದವರಿಗೆ, ಒಂದಿಷ್ಟು ‘ವೈಲ್ಡ್ ಕಾರ್ಡ್’ ಎಂದು ಸಂಘಟಕರು ಕೊಡುವಂಥವು. ಸಾಮಾನ್ಯವಾಗಿ ಅವು ಸ್ವದೇಶದ ಎಳೆಯ ಆಟಗಾರ್ತಿಯರಿಗೆ ಸಿಗುತ್ತವೆ. ಕಾರ್ತಾಲ್‌ಗೂ 2022ರಲ್ಲಿ ಮತ್ತು 2023ರಲ್ಲಿ ಸಿಕ್ಕಿತ್ತು. ಎರಡು ಸಲವೂ ಮೊದಲ ಸುತ್ತಿನಲ್ಲೇ ಸೋತಳು. 2024ರಲ್ಲಿ ಸಿಗಲಿಲ್ಲ. ಆಗ ಆಕೆಯ ವಿಶ್ವ ಸ್ಥಾನ 298.

ನನಗೆ ಈ ಕಥೆಯಲ್ಲಿ ಬಹಳ ಹಿಡಿಸಿದ ಭಾಗ ಇದು. ಅರ್ಹತಾ ಸುತ್ತು ವಿಂಬಲ್ಡನ್ ಕ್ಲಬ್ಬಿನ ಒಳಗೆ ನಡೆಯುವುದಿಲ್ಲ. ಹತ್ತಿರದ ರೋಹ್ಯಾಂಪ್ಟನ್‌ನ ಕ್ರೀಡಾಂಗಣದಲ್ಲಿ ನಡೆಯುತ್ತದೆ. ಅಲ್ಲಿ ಮೂರು ಪಂದ್ಯ ಗೆದ್ದರೆ ಒಳಗೆ, ಒಂದು ಸೋತರೆ ಮನೆಗೆ. ಎರಡು ವರ್ಷ ಮುಂಬಾಗಿಲಿನಿಂದ ಕರೆಸಿಕೊಂಡವಳು ಮೂರನೇ ವರ್ಷ ಹಿತ್ತಿಲ ಬಾಗಿಲಿನಲ್ಲಿ ಸಾಲು ನಿಲ್ಲುವುದು ಸುಲಭವಲ್ಲ. ನಾನಾಗಿದ್ದರೆ ಮುನಿಸಿಕೊಂಡು ಮನೆಯಲ್ಲಿ ಕೂರುತ್ತಿದ್ದೆ. ಆಕೆ ಮೂರನ್ನೂ ಗೆದ್ದಳು. ಮುಖ್ಯ ಸುತ್ತಿನ ಮೊದಲ ಪಂದ್ಯದಲ್ಲಿ 29ನೇ ಶ್ರೇಯಾಂಕದ ಸೊರಾನಾ ಚಿರ್ಸ್ಟಿಯಾ ವಿರುದ್ಧ ಮೊದಲ ಸೆಟ್ 3–6ರಿಂದ ಕಳೆದುಕೊಂಡಳು. ಉಳಿದ ಎರಡು ಸೆಟ್‌ಗಳ ಅಂಕ 6–2, 6–0! ಎರಡನೇ ಸುತ್ತಿನಲ್ಲಿ ಫ್ರಾನ್ಸಿನ ಕ್ಲಾರಾ ಬ್ಯುರೆಲ್‌ಳನ್ನು ಸೋಲಿಸಿ, ಮೂರನೆಯದರಲ್ಲಿ ಅಮೆರಿಕದ ಕೊಕೊ ಗಾಫ್ ಎದುರು ಸೋತಳು. ಕರೆದು ಕೂರಿಸಿದಾಗ ಒಂದು ಪಂದ್ಯವನ್ನೂ ಗೆಲ್ಲದವಳು ಸಾಲಿನಲ್ಲಿ ನಿಂತು ಬಂದಾಗ ಐದು ಪಂದ್ಯ ಗೆದ್ದಿದ್ದಳು.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಟ್ಯುನೀಶಿಯಾದ ಮೊನಾಸ್ತಿರ್‌ನಲ್ಲಿ ಮೊದಲ ಡಬ್ಲ್ಯುಟಿಎ ಪ್ರಶಸ್ತಿ ಬಂತು. (ಟ್ಯುನೀಶಿಯಾ ಎಂದರೆ ಒನ್ಸ್ ಜಬೂರ್ ದೇಶ. 2022 ಮತ್ತು 2023ರ ವಿಂಬಲ್ಡನ್ ಫೈನಲ್ ಆಡಿದ ಆಕೆಯ ಬಗ್ಗೆ ಮುಂದಿನ ಸಂಚಿಕೆಗೆ ಯಾರಾದರೂ ಬರೆಯಲೇಬೇಕು.) ಆ ಗೆಲುವಿಗೆ 250 ಅಂಕ. ಕಾರ್ತಾಲ್ ಮೊದಲ ಬಾರಿ ಮೊದಲ 100ರೊಳಗೆ ಬಂದಳು.

2025ರ ಮಾರ್ಚ್‌ನಲ್ಲಿ ಇನ್ನೊಂದು ಸ್ವಾರಸ್ಯ. ಅಮೆರಿಕದ ಇಂಡಿಯನ್ ವೆಲ್ಸ್ ದೊಡ್ಡ ಟೂರ್ನಿ. ಅಲ್ಲಿ ಅರ್ಹತಾ ಸುತ್ತಿನಲ್ಲಿ ಕಾರ್ತಾಲ್ ಸೋತಳು. ಟೆನಿಸ್‌ನಲ್ಲಿ ‘ಲಕ್ಕಿ ಲೂಸರ್’ ಎಂಬ ವಿಚಿತ್ರ ಪದವಿ ಉಂಟು. ಮುಖ್ಯ ಸುತ್ತಿನಲ್ಲಿ ಯಾರಾದರೂ ಹಿಂದೆ ಸರಿದರೆ ಅರ್ಹತಾ ಸುತ್ತಿನಲ್ಲಿ ಸೋತವರಲ್ಲಿ ಒಬ್ಬರಿಗೆ ಜಾಗ. ಹಾಗೆ ಒಳಬಂದವಳು ನಾಲ್ಕನೇ ಸುತ್ತಿನವರೆಗೆ ಹೋದಳು. ಇದನ್ನು ಅದೃಷ್ಟ ಎನ್ನುವವರಿದ್ದಾರೆ. ಬಾಗಿಲು ತೆರೆದದ್ದು ಅದೃಷ್ಟ ಇರಬಹುದು, ಒಳಗಿನ ಪಂದ್ಯಗಳನ್ನು ಅದೃಷ್ಟ ಬಂದು ಆಡಿಕೊಡುವುದಿಲ್ಲ. ಪರೀಕ್ಷೆ–2 ಬರೆದು ಪಾಸಾದವರನ್ನು ಕಂಡು ನಗುವ ನಮ್ಮ ಕೆಲವು ಸಹಪಾಠಿಗಳು ಈ ಸಾಲನ್ನು ಇನ್ನೊಮ್ಮೆ ಓದಲಿ.

ಇನ್ನು 2025ರ ವಿಂಬಲ್ಡನ್. ಈ ಸಲ ನೇರ ಪ್ರವೇಶ. ಮೊದಲ ಸುತ್ತಿನಲ್ಲಿ 20ನೇ ಶ್ರೇಯಾಂಕದ, ಹಿಂದೆ ಫ್ರೆಂಚ್ ಓಪನ್ ಗೆದ್ದಿದ್ದ ಯೆಲೆನಾ ಓಸ್ಟಾಪೆಂಕೊಳನ್ನು ಮೂರು ಸೆಟ್‌ಗಳಲ್ಲಿ ಸೋಲಿಸಿದಳು. ಮುಂದಿನ ಎರಡು ಪಂದ್ಯಗಳಲ್ಲಿ ಒಂದು ಸೆಟ್ ಕೂಡ ಬಿಟ್ಟುಕೊಡಲಿಲ್ಲ. ನಾಲ್ಕನೇ ಸುತ್ತಿಗೆ ಬಂದಾಗ ಸಿಂಗಲ್ಸ್‌ನಲ್ಲಿ ಉಳಿದಿದ್ದ ಬ್ರಿಟನ್ನಿನ ಒಬ್ಬಳೇ ಮಹಿಳೆ ಆಕೆ.

ಆ ಪಂದ್ಯ ಜುಲೈ 6ರ ಭಾನುವಾರ. ನಮಗೆ ಅಂದು ಆಶೂರಾ ಉಪವಾಸ. ಅಡುಗೆ ಮನೆಯಲ್ಲಿ ಉಮ್ಮ ಇಫ್ತಾರ್ ತಯಾರಿಯಲ್ಲಿದ್ದರು, ನಾನು ಅಣ್ಣನ ಮೊಬೈಲಿನಲ್ಲಿ ಸೆಂಟರ್ ಕೋರ್ಟ್ ನೋಡುತ್ತಿದ್ದೆ. ಎದುರಾಳಿ ರಷ್ಯಾದ ಅನಾಸ್ತಾಸಿಯಾ ಪಾವ್ಲ್ಯುಚೆಂಕೋವಾ, ಮೂರು ದಿನದ ಹಿಂದಷ್ಟೇ 34 ತುಂಬಿತ್ತು. ಮೊದಲ ಸೆಟ್ 4–4. ಆ ಗೇಮ್ ಗೆಲ್ಲಲು ಪಾವ್ಲ್ಯುಚೆಂಕೋವಾಗೆ ಒಂದೇ ಪಾಯಿಂಟ್ ಸಾಕಿತ್ತು. ಕಾರ್ತಾಲ್ ಹೊಡೆದ ಚೆಂಡು ಗೆರೆಯಿಂದ ಆಚೆ ಬಿತ್ತು. ‘ಔಟ್’ ಎಂಬ ಧ್ವನಿ ಬರಲಿಲ್ಲ!

ವಿಂಬಲ್ಡನ್‌ನಲ್ಲಿ ಗೆರೆ ಕಾಯುವ ಮನುಷ್ಯರನ್ನು ಮೊದಲ ಬಾರಿಗೆ ಪೂರ್ತಿಯಾಗಿ ತೆಗೆದು ಯಂತ್ರಕ್ಕೆ ಒಪ್ಪಿಸಿದ ವರ್ಷ ಅದು. ಹಾಕ್ ಐ ಎಂಬ ಕ್ಯಾಮೆರಾ ವ್ಯವಸ್ಥೆ, ಎಂದರೆ ಗಿಡುಗನ ಕಣ್ಣು. ಹದ್ದಿನ ಚೆಂಡನ್ನು ಗಿಡುಗ ನೋಡಲಿಲ್ಲ ಎಂದು ಅಣ್ಣ ಆಮೇಲೆ ತಮಾಷೆ ಮಾಡಿದ. ಅಂಗಳದ ಒಂದು ಭಾಗದಲ್ಲಿ ಯಾರೋ ಕಣ್ತಪ್ಪಿನಿಂದ ವ್ಯವಸ್ಥೆಯನ್ನು ಆಫ್ ಮಾಡಿದ್ದರು ಎಂದು ಸಂಘಟಕರು ಹೇಳಿ ಕ್ಷಮೆ ಕೇಳಿದರು. ಅಂಪೈರ್ ಆಟ ನಿಲ್ಲಿಸಿ ಫೋನಿನಲ್ಲಿ ವಿಚಾರಿಸಿ, ಪಾಯಿಂಟನ್ನು ಮತ್ತೆ ಆಡಿಸಿದರು. ಆ ಪಾಯಿಂಟ್ ಕಾರ್ತಾಲ್ ಗೆದ್ದಳು, ಗೇಮ್ ಕೂಡ. ಪಾವ್ಲ್ಯುಚೆಂಕೋವಾಗೆ ಸಿಟ್ಟು ಬಂತು. ಎದುರಾಳಿ ಇಲ್ಲಿಯವಳು ಎಂಬ ಕಾರಣಕ್ಕೆ ಹೀಗಾಯಿತು ಎಂದು ಆಕೆ ಅಂಪೈರ್ ಬಳಿ ದೂರಿದಳು.

ಮರುದಿನ ಕಾಲೇಜಿನಲ್ಲಿ ನಮ್ಮ ನಡುವೆ ಇದರದ್ದೇ ಚರ್ಚೆ. ಟೆನಿಸ್ ಗೊತ್ತಿಲ್ಲದವರೂ ಸೇರಿಕೊಂಡರು, ಏಕೆಂದರೆ ಪ್ರಶ್ನೆ ಟೆನಿಸ್‌ನದ್ದಲ್ಲ. ‘ಚೆಂಡು ಔಟ್ ಆಗಿತ್ತು ಎಂದು ಕಾರ್ತಾಲ್ ತಾನಾಗಿ ಹೇಳಬೇಕಿತ್ತು, ಅದು ಅಮಾನತ್’ ಎಂದು ಒಬ್ಬಳು ವಾದಿಸಿದಳು. ಆಟಗಾರರು ಹಾಗೆ ಪಾಯಿಂಟ್ ಬಿಟ್ಟುಕೊಡುವುದು ಉಂಟು. ನನ್ನ ಅಭಿಪ್ರಾಯ ಬೇರೆ. ಅಂಗಳದ ಉದ್ದ 23.77 ಮೀಟರ್. ಚೆಂಡು ಬಿದ್ದದ್ದು ಎದುರಾಳಿಯ ತುದಿಯಲ್ಲಿ. ಓಡುತ್ತಾ ಹೊಡೆದವಳಿಗೆ ಅಷ್ಟು ದೂರದ ಗೆರೆ ಖಚಿತವಾಗಿ ಕಾಣುತ್ತದೆಯೇ? ಖಚಿತವಿಲ್ಲದ್ದಕ್ಕೆ ಸಾಕ್ಷಿ ಹೇಳುವುದೂ ಸರಿಯಲ್ಲ. ಪಾವ್ಲ್ಯುಚೆಂಕೋವಾಳ ಸಿಟ್ಟು ನ್ಯಾಯವಾದದ್ದೇ, ಅದನ್ನು ಕಾರ್ತಾಲ್ ತಲೆಗೆ ಕಟ್ಟುವುದು ನ್ಯಾಯವಲ್ಲ. ಯಂತ್ರ ಆಫ್ ಆದರೆ ಎದುರಿಗೆ ಕೂತ ಅಂಪೈರ್ ಕಣ್ಣಿಗೆ ಬೆಲೆ ಬೇಡವೇ ಎಂದು ಆಕೆ ಕೇಳಿದ್ದರೆ ನಾನೂ ಜೊತೆಗೆ ಕೇಳುತ್ತಿದ್ದೆ. ಚರ್ಚೆ ಬೆಲ್ ಹೊಡೆಯುವವರೆಗೂ ಮುಗಿಯಲಿಲ್ಲ. ಪಂದ್ಯವನ್ನು ಕೊನೆಗೆ 7–6, 6–4ರಿಂದ ಪಾವ್ಲ್ಯುಚೆಂಕೋವಾ ಗೆದ್ದಳು.

ಈಗ ಲೆಕ್ಕ. 2024ರ ವಿಂಬಲ್ಡನ್‌ನಲ್ಲಿ ಅರ್ಹತಾ ಸುತ್ತು ದಾಟಿದ್ದಕ್ಕೆ 40, ಮೂರನೇ ಸುತ್ತು ತಲುಪಿದ್ದಕ್ಕೆ 130, ಒಟ್ಟು 170. 2025ರಲ್ಲಿ 240. ಆದರೆ ಹಳೆಯ 170 ಅದೇ ಹೊತ್ತಿಗೆ ಖಾತೆಯಿಂದ ಹೋಯಿತು. ಸೆಂಟರ್ ಕೋರ್ಟ್, ಜಗತ್ತಿನ ಸುದ್ದಿ, ಅಷ್ಟೆಲ್ಲ ಗದ್ದಲ ಆದ ಮೇಲೆ ಖಾತೆಗೆ ಸೇರಿದ ನಿವ್ವಳ ಅಂಕ 70. ಅಷ್ಟಾದರೂ ಆಕೆ ಮೊದಲ ಬಾರಿ 50ರೊಳಗೆ ಬಂದಳು. (ಬ್ಯಾಂಕ್ ಖಾತೆಯ ಕಥೆ ಬೇರೆ. ನಾಲ್ಕನೇ ಸುತ್ತಿಗೆ ಬಂದವರಿಗೆ 2,40,000 ಪೌಂಡ್. ಅದಕ್ಕೆ 52 ವಾರದ ನಿಯಮವಿಲ್ಲ!)

ಸೆಪ್ಟೆಂಬರ್‌ನಲ್ಲಿ ಮೊನಾಸ್ತಿರ್‌ನ 250 ಅಂಕವೂ ಅಳಿಯಿತು. ಅದರ ಬೆನ್ನಿಗೇ ಬೀಜಿಂಗ್ ಟೂರ್ನಿಯಲ್ಲಿ ವಿಶ್ವದ 5ನೇ ಸ್ಥಾನದಲ್ಲಿದ್ದ ಮಿರ್ರಾ ಆಂಡ್ರಿಯೇವಾಳನ್ನು ಮೂರು ಸೆಟ್‌ಗಳಲ್ಲಿ ಸೋಲಿಸಿ ಕ್ವಾರ್ಟರ್ ಫೈನಲ್ ತಲುಪಿದಳು. ಆಕೆಯ ದೊಡ್ಡ ಗೆಲುವುಗಳಲ್ಲಿ ಅದೊಂದು. ಸಿಕ್ಕ ಅಂಕ 215. ಅಷ್ಟು ದೊಡ್ಡ ಗೆಲುವು ಬಂದೂ ಹಳೆಯ ಗುಂಡಿ ಪೂರ್ತಿ ತುಂಬಲಿಲ್ಲ, 35 ಅಂಕ ಬಾಕಿ.

ಇದು ಕ್ರೂರ ಪದ್ಧತಿ ಎಂದು ನನಗೆ ಮೊದಲು ಅನಿಸಿತ್ತು. ಎಮ್ಮಾ ರಾಡುಕಾನು ಕಥೆ ಓದಿದಾಗ ಆ ಅನಿಸಿಕೆ ಇನ್ನೂ ಗಟ್ಟಿಯಾಯಿತು. ಕಾರ್ತಾಲ್‌ಗಿಂತ ಒಂದು ವರ್ಷ ಚಿಕ್ಕವಳು, ಇಬ್ಬರೂ ಬಾಲ್ಯದಿಂದ ಎದುರು ಬದುರು ಆಡಿದವರು. 2021ರಲ್ಲಿ ರಾಡುಕಾನು ನಮ್ಮ ದ್ವಿತೀಯ ಪಿಯುಸಿಗೆ ಸಮಾನವಾದ ಎ ಲೆವೆಲ್ ಮುಗಿಸಿ, ಗಣಿತದಲ್ಲಿ ಎ ಸ್ಟಾರ್, ಅರ್ಥಶಾಸ್ತ್ರದಲ್ಲಿ ಎ ಪಡೆದಳು. ಮರುತಿಂಗಳೇ 150ನೇ ಸ್ಥಾನದಲ್ಲಿದ್ದವಳು ಅರ್ಹತಾ ಸುತ್ತಿನಿಂದ ಬಂದು, ಹತ್ತು ಪಂದ್ಯಗಳಲ್ಲಿ ಒಂದು ಸೆಟ್ಟನ್ನೂ ಸೋಲದೆ ಯುಎಸ್ ಓಪನ್ ಗೆದ್ದಳು. ಮರುವರ್ಷ ಅಲ್ಲೇ ಮೊದಲ ಸುತ್ತಿನಲ್ಲಿ ಸೋತಳು. 11ನೇ ಸ್ಥಾನದಿಂದ 83ಕ್ಕೆ ಒಂದೇ ಏಟಿಗೆ ಇಳಿದಳು. 2023ರಲ್ಲಿ ಎರಡೂ ಮಣಿಕಟ್ಟು ಮತ್ತು ಒಂದು ಪಾದದ ಕೀಲಿಗೆ ಶಸ್ತ್ರಚಿಕಿತ್ಸೆ. ಅಲ್ಲಿಂದ ಮತ್ತೆ ಹತ್ತಿ 2025ರಲ್ಲಿ 30ರ ಒಳಗೆ ಬಂದಳು. ಕಂಪ್ಯೂಟರ್ ಆ 2,000 ಅಂಕಗಳನ್ನು 52 ವಾರಕ್ಕೆ ಮರೆಯಿತು. ಜನ ಮಾತ್ರ ಇನ್ನೂ ಮರೆತಿಲ್ಲ. ಪ್ರತಿ ಸೋಲಿಗೂ ‘2021ರಲ್ಲಿ ಹಾಗಿದ್ದವಳು’ ಎನ್ನುತ್ತಾರೆ, ಥೇಟ್ ನಮ್ಮ ಚಿಕ್ಕಮ್ಮಂದಿರ ಹಾಗೆ. ಇಬ್ಬರಲ್ಲಿ ಯಾರು ಕ್ರೂರ ಎಂದು ಕೇಳಿದರೆ, ಈಗ ನಾನು ಕಂಪ್ಯೂಟರ್ ಪರ. ಅದಕ್ಕೆ 298 ಎಂಬುದೂ ನೆನಪಿಲ್ಲ.

ಕಾರ್ತಾಲ್ ಮುಂದೆ ಗ್ರ್ಯಾಂಡ್ ಸ್ಲಾಮ್ ಗೆಲ್ಲುತ್ತಾಳೆಯೇ ಎಂದು ಅಣ್ಣ ಕೇಳುತ್ತಾನೆ. ಆಕೆಯ ಸರ್ವ್ ದೊಡ್ಡ ಆಟಗಾರ್ತಿಯರಷ್ಟು ಬಿರುಸಲ್ಲ, ಎತ್ತರವೂ ಕಡಿಮೆ. ಓಟ ಮತ್ತು ಹಟ ಮಾತ್ರ ಅವರಿಗೆ ಸಮ ಎಂಬುದು ನನ್ನ ಲೆಕ್ಕ. ಅಣ್ಣ ಒಪ್ಪುವುದಿಲ್ಲ. 2026ರ ಜುಲೈನಲ್ಲಿ ವಿಂಬಲ್ಡನ್‌ನ ಆ 240 ಅಂಕವೂ ಖಾತೆಯಿಂದ ಹೋಗುತ್ತದೆ. ಇನ್‌ಶಾ ಅಲ್ಲಾಹ್ ಅಷ್ಟರಲ್ಲಿ ನಮ್ಮ ಪರೀಕ್ಷೆಗಳೂ ಮುಗಿದಿರುತ್ತವೆ, ಪಂದ್ಯ ನೋಡಲು ಅಣ್ಣನ ಮೊಬೈಲಿಗಾಗಿ ಜಗಳ ಆಡಲು ಬೇಕಾದಷ್ಟು ಸಮಯ ಇರುತ್ತದೆ.