ಹಿಡಿಯಕ್ಕಿ

‘ಅಭ್ಯಾಸ’ ಎಂಬ ಮಾತಿಗೆ ನಮ್ಮಲ್ಲಿ ಮಾನವೂ ಉಂಟು, ಅವಮಾನವೂ ಉಂಟು. ಸಂಗೀತಗಾರನು ಬೆಳಗಿನ ಜಾವ ಎದ್ದು ಶ್ರುತಿ ಹಿಡಿದರೆ ಅದು ಅಭ್ಯಾಸ. ಹುಡುಗರು ಓದಿದರೆ ವಿದ್ಯಾಭ್ಯಾಸ. ಆದರೆ ‘ಅವನಿಗೆ ಏನೋ ಅಭ್ಯಾಸವಾಗಿಬಿಟ್ಟಿದೆಯಂತೆ’ ಎಂದು ಯಾರಾದರೂ ದನಿ ತಗ್ಗಿಸಿ ಹೇಳಿದರೆ, ಮಾತು ಇಸ್ಪೀಟಿಗೋ ಸೀಸೆಗೋ ಸಂಬಂಧಪಟ್ಟದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ. ಕನ್ನಡ ಪಾಠ ಹೇಳುವುದು ನನ್ನ ಕಸುಬಾದ್ದರಿಂದ ಇಂಥ ಮಾತುಗಳನ್ನು ಹಿಂದುಮುಂದು ತಿರುಗಿಸಿ ನೋಡುವುದು ನನಗೂ ಒಂದು ಅಭ್ಯಾಸ. ದೇವರ ವಿಷಯಕ್ಕೆ ಬಂದಾಗ ಈ ಮಾತು ಯಾವ ಕಡೆಗೆ ಸೇರಬೇಕು ಎಂಬುದು ಬಹು ದಿನಗಳಿಂದ ನನ್ನನ್ನು ಕಾಡಿದ ಪ್ರಶ್ನೆ.

ನಾವು ಇರುವುದು ಬನಶಂಕರಿ ಎರಡನೆಯ ಹಂತದಲ್ಲಿ. ಎದುರುಮನೆಯ ಹಿರಿಯಾಕೆ ಮಂಗಳವಾರ ಶುಕ್ರವಾರ ತಪ್ಪದೆ ಬನಶಂಕರಿಯ ಗುಡಿಗೆ ಹೋಗಿ, ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿ ಬರುತ್ತಾರೆ. ಒಂದು ದಿನ ಗೇಟಿನ ಬಳಿ ಸಿಕ್ಕಿ, “ನಿಮ್ಮದು ಸುಲಭ ಕಣಮ್ಮಾ. ಭಾನುವಾರ ಒಂದು ಗಳಿಗೆ ಚರ್ಚಿಗೆ ಹೋಗಿಬಂದರೆ ವಾರವೆಲ್ಲ ಆರಾಮ. ನಮ್ಮ ಹಾಗೆ ಮಡಿ, ನೈವೇದ್ಯ, ರಂಗೋಲಿ, ಯಾವುದೂ ಇಲ್ಲ” ಎಂದರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ. ಕೊಂಚ ಅಸೂಯೆಯೇ ಇದ್ದಿತು. ಬೀದಿಯಿಂದ ನೋಡಿದವರಿಗೆ ಕ್ರೈಸ್ತರ ಮನೆಯ ನೇಮ ಕಾಣುವುದಿಲ್ಲ, ನಿಜ. ಗಂಟೆ ಕೇಳಿಸದು, ಊದುಬತ್ತಿಯ ವಾಸನೆ ಬಾರದು. ಆದ್ದರಿಂದ ಒಳಗಿನ ಸಂಗತಿಯನ್ನು ಸ್ವಲ್ಪ ಹೇಳಬೇಕೆನಿಸಿದೆ.

ನನ್ನ ಅತ್ತೆಯವರು ಧಾರವಾಡದ ಕಡೆಯವರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಮುಂದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ನೆಲೆಯೂರಿದರಷ್ಟೆ. ಅಲ್ಲಿ ಬೆಳೆದ ಹಳೆಯ ಸಭೆಗಳ ಸಂಪ್ರದಾಯ ಅವರದು. ನಾನು ಸೊಸೆಯಾಗಿ ಬಂದ ಮರುದಿನ ಅವರು ಕಲಿಸಿದ ಮೊದಲ ಪಾಠ ಹಿಡಿಯಕ್ಕಿಯದು. ಅಕ್ಕಿಯ ಡಬ್ಬದ ಪಕ್ಕದಲ್ಲಿ ಒಂದು ಸಣ್ಣ ತಗಡಿನ ಡಬ್ಬ. ಅನ್ನಕ್ಕೆಂದು ಅಕ್ಕಿ ಅಳೆದ ಮೇಲೆ, ತೊಳೆಯುವುದಕ್ಕೆ ಮುಂಚೆ, ಅದರಿಂದಲೇ ಒಂದು ಹಿಡಿ ತೆಗೆದು ಆ ಡಬ್ಬಕ್ಕೆ ಹಾಕಬೇಕು. ತಿಂಗಳ ಕೊನೆಗೆ ಸಭೆಯ ಹೆಂಗಸರು ಅದನ್ನು ಕೂಡಿಸಿ ಇಲ್ಲದವರ ಮನೆಗೆ ಮುಟ್ಟಿಸುವರು. “ಅಳದದ್ದರಾಗಿಂದ ತಗೀಬೇಕವಾ, ಡಬ್ಬ್ಯಾಗಿಂದಲ್ಲ” ಎನ್ನುತ್ತಿದ್ದರು ಅತ್ತೆ. ನನಗೆ ಆ ವ್ಯತ್ಯಾಸ ತಿಳಿಯಲು ಕೆಲವು ವರ್ಷ ಹಿಡಿಯಿತು. ಡಬ್ಬದಿಂದ ತೆಗೆದರೆ ಅದು ದಾನ; ಅಳೆದದ್ದರಿಂದ ತೆಗೆದರೆ ನಮ್ಮ ಊಟದಲ್ಲಿ ಅಷ್ಟು ಕಡಮೆ.

ಈ ಪದ್ಧತಿ ನಮ್ಮ ಸಭೆಗಳದ್ದು ಮಾತ್ರವಲ್ಲ. ಕೇರಳದ ಕ್ರೈಸ್ತರು ಇದನ್ನು ‘ಪಿಡಿಯರಿ’ ಎನ್ನುತ್ತಾರೆ. ದೂರದ ಮಿಜೋರಾಮಿನ ಹೆಂಗಸರು ಹೀಗೆ ಹಿಡಿಹಿಡಿಯಾಗಿ ತೆಗೆದಿಟ್ಟ ಅಕ್ಕಿ ಅಲ್ಲಿನ ಸಭೆಯ ದೊಡ್ಡ ಆಧಾರಗಳಲ್ಲಿ ಒಂದು. ಆದರೆ ತರಗತಿಯಲ್ಲಿ ವಚನಗಳನ್ನು ಓದಿಸುವ ನನಗೆ ಮೊದಲು ನೆನಪಾಗುವವಳು ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದವನು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ತಂದಲ್ಲಿಯೇ ಸುರಿದು ಬಾ ಎಂದು ಅವನನ್ನು ಹಿಂದಕ್ಕೆ ಕಳುಹಿಸಿದಳು. ಮೋಶೆಯ ಕಾಲದ ಕಥೆಯೊಂದು ಸತ್ಯವೇದದಲ್ಲಿಯೂ ಇದೆ. ಮರುಭೂಮಿಯಲ್ಲಿ ಹಸಿದ ಜನಕ್ಕೆ ಆಕಾಶದಿಂದ ಮನ್ನ ಬಿದ್ದಿತು. ಅಂದಂದಿಗೆ ಬೇಕಾದಷ್ಟನ್ನೇ ಕೂಡಿಸಿಕೊಳ್ಳಬೇಕೆಂದು ಅಪ್ಪಣೆ. ಮಾತು ಕೇಳದೆ ನಾಳೆಗೆಂದು ಉಳಿಸಿಟ್ಟವರ ಮನ್ನ ಹುಳು ಬಿದ್ದು ನಾರಿತು. ಯೇಸುಸ್ವಾಮಿ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿಯೂ ಬೇಡುವುದು ಆ ದಿನದ ಆಹಾರವನ್ನೇ, ವರ್ಷದ ದಾಸ್ತಾನನ್ನಲ್ಲ.

ನಂಬಿಕೆಯೂ ಇಂಥದೇ ಪದಾರ್ಥವೆಂದು ನನಗನ್ನಿಸುವುದುಂಟು. ಭಾನುವಾರ ಒಂದು ಚೀಲ ತುಂಬಿಕೊಂಡು ಬಂದು ಶನಿವಾರದವರೆಗೆ ಖರ್ಚು ಮಾಡುತ್ತೇವೆಂದರೆ, ಅದು ಬುಧವಾರದ ಹೊತ್ತಿಗೇ ಹಳಸಿರುತ್ತದೆ. ಸೋಮವಾರದ್ದು ಸೋಮವಾರಕ್ಕೆ.

ಆದ್ದರಿಂದ ದಿನದ ಕೆಲಸಗಳಲ್ಲಿಯೇ ಅಲ್ಲಲ್ಲಿ ಒಂದೊಂದು ಗೂಟ ನೆಟ್ಟುಕೊಂಡಿದ್ದೇನೆ. ಬೆಳಗ್ಗೆ ಫೋನು ಕೈಗೆ ತೆಗೆದುಕೊಳ್ಳುವ ಮುಂಚೆ ಸತ್ಯವೇದದ ಒಂದು ಭಾಗ. ಹತ್ತು ವಾಕ್ಯವಾದರೂ ಸರಿ, ಗಟ್ಟಿಯಾಗಿ ಓದುವುದು. ರಾತ್ರಿ ಊಟಕ್ಕೆ ಮೊದಲು ಎಲ್ಲರೂ ಕೂತು ಮಾಡುವ ಕುಟುಂಬ ಪ್ರಾರ್ಥನೆ. ಅದರಲ್ಲಿ ನಮ್ಮ ಯಜಮಾನರು ದೇವರಿಗೆ ಇಡೀ ದಿನದ ವರದಿಯನ್ನು ಒಪ್ಪಿಸುವುದರಿಂದ ಸಾರು ಆರುವುದುಂಟು. ಇವೆರಡರ ನಡುವೆ ಮೆಟ್ರೋ. ಬನಶಂಕರಿಯಲ್ಲಿ ಹತ್ತಿ ನ್ಯಾಷನಲ್ ಕಾಲೇಜಿನಲ್ಲಿ ಇಳಿಯುವಷ್ಟರಲ್ಲಿ ನಡುವೆ ನಾಲ್ಕು ನಿಲ್ದಾಣ: ಆರ್. ವಿ. ರಸ್ತೆ, ಜಯನಗರ, ಸೌತ್ ಎಂಡ್ ಸರ್ಕಲ್, ಲಾಲ್‌ಬಾಗ್. ನಿಲ್ದಾಣಕ್ಕೊಬ್ಬರಂತೆ ನಾಲ್ವರಿಗಾಗಿ ಮನಸ್ಸಿನಲ್ಲಿಯೇ ಪ್ರಾರ್ಥಿಸುತ್ತೇನೆ. ಒಂದು ವಾರದಿಂದ ತರಗತಿಗೆ ಬಾರದ ಹುಡುಗಿ, ಕೆಲಸ ಹೋದ ತಮ್ಮ, ಹೀಗೆ. ಸೌತ್ ಎಂಡ್ ಸರ್ಕಲ್ ಮಾತ್ರ ನನಗೆ ಕಠಿಣವಾದ ನಿಲ್ದಾಣ. ನನಗೆ ಆಗದವರೊಬ್ಬರಿಗೆ ಅದನ್ನು ಮೀಸಲಿಟ್ಟಿದ್ದೇನೆ. ಎಷ್ಟೋ ದಿನ ಹೆಸರು ಹೇಳುವುದಕ್ಕೂ ಮನಸ್ಸಿಲ್ಲದೆ ಲಾಲ್‌ಬಾಗ್ ಬಂದುಬಿಡುತ್ತದೆ. ಆದರೂ ಮರುದಿನ ರೈಲು ಅಲ್ಲಿ ನಿಂತೇ ನಿಲ್ಲುತ್ತದಲ್ಲ!

ಹದಿನೇಳನೆಯ ಶತಮಾನದಲ್ಲಿ ಪ್ಯಾರಿಸಿನ ಕಾರ್ಮೆಲ್ ಮಠವೊಂದರಲ್ಲಿ ಲಾರೆನ್ಸ್ ಎಂಬ ಸಹೋದರರಿದ್ದರು. 1691ರಲ್ಲಿ ತೀರಿಕೊಂಡ ಅವರು ಪಂಡಿತರಲ್ಲ. ವರ್ಷಗಟ್ಟಲೆ ಮಠದ ಅಡುಗೆಮನೆಯಲ್ಲಿ ದುಡಿದವರು. ಅಡುಗೆಯ ಕೆಲಸ ಅವರಿಗೆ ಹಿಡಿಸುತ್ತಿರಲಿಲ್ಲವಂತೆ. ಆದರೂ ಪಾತ್ರೆಗಳ ಗದ್ದಲದ ನಡುವೆ ದೇವರ ಸನ್ನಿಧಿಯಲ್ಲಿರುವುದನ್ನು ಅವರು ರೂಢಿಸಿಕೊಂಡರು. ಅವರ ಕಾಗದಗಳೂ ಮಾತುಗಳೂ ಪುಸ್ತಕವಾಗಿ ಇಂದಿಗೂ ಓದಲ್ಪಡುತ್ತಿವೆ. ಅಷ್ಟು ದೂರ ಹೋಗುವುದೇಕೆ? ನನ್ನ ಮೇಜಿನ ಮೇಲೆ ಕಿಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು ಇದೆ. 1853ರಲ್ಲಿ ಈ ನಾಡಿಗೆ ಬಂದ ಆ ಜರ್ಮನ್ ಪಾದ್ರಿಯ ಕೋಶ ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. 1,700ಕ್ಕೂ ಮೀರಿದ ಪುಟಗಳು. ಅಂಥ ಗ್ರಂಥ ಆವೇಶದಿಂದ ಆಗುವುದಿಲ್ಲ. ಇಂದು ಇಷ್ಟು ಮಾತು, ನಾಳೆ ಇಷ್ಟು ಮಾತು ಎಂದು ಕುಳಿತವರಿಂದ ಮಾತ್ರ ಆಗುತ್ತದೆ. ಅದನ್ನು ತೆರೆದಾಗಲೆಲ್ಲ ನನಗೆ ಅದೂ ಒಂದು ದೊಡ್ಡ ಹಿಡಿಯಕ್ಕಿಯ ಡಬ್ಬವೆನಿಸುತ್ತದೆ.

ಓದುಗರು ಇಲ್ಲಿ ಒಂದು ಆಕ್ಷೇಪ ಎತ್ತಬಹುದು: ಮನಸ್ಸಿಲ್ಲದೆ ಕೈ ಮಾತ್ರ ಮಾಡುವ ಕೆಲಸಕ್ಕೆ ಬೆಲೆಯೇನು? ಬಾಯಿಮಾತಿನ ಭಕ್ತಿಯನ್ನು ಹಳೆಯ ಒಡಂಬಡಿಕೆಯ ಪ್ರವಾದಿಗಳೂ ಬೈದಿದ್ದಾರೆ, ನಮ್ಮ ವಚನಕಾರರೂ ಬೈದಿದ್ದಾರೆ. ನಾನೂ ಬಹುಕಾಲ ಹಾಗೆಯೇ ವಾದಿಸುತ್ತಿದ್ದೆ. ಇದಕ್ಕೆ ಉತ್ತರ ದೊರೆತದ್ದು ಪುಸ್ತಕದಲ್ಲಲ್ಲ.

2021ರ ಮೇ ತಿಂಗಳು. ಕೋವಿಡ್ಡಿನ ಎರಡನೆಯ ಅಲೆಯಲ್ಲಿ ಅತ್ತೆ ಹೋದರು. ದೇವಾಲಯಗಳ ಬಾಗಿಲು ಮುಚ್ಚಿದ್ದ ಕಾಲ. ಎಂಬತ್ತು ವರ್ಷ ಸಭೆಯ ನಡುವೆ ಹಾಡಿದ ಹೆಂಗಸಿಗೆ ಹೊಸೂರು ರಸ್ತೆಯ ಸಮಾಧಿಯ ನೆಲದಲ್ಲಿ ಒಂದು ಗೀತೆಯನ್ನು ಸರಿಯಾಗಿ ಹಾಡಲು ಸಾಕಾಗುವಷ್ಟು ಗಂಟಲುಗಳೂ ಇರಲಿಲ್ಲ. ಮನೆಗೆ ಬಂದ ಮೇಲೆ ನನಗೆ ಪ್ರಾರ್ಥನೆ ಬರಲಿಲ್ಲ. ಸತ್ಯವೇದ ತೆರೆದರೆ ಅಕ್ಷರಗಳು ಕಾಣುತ್ತಿದ್ದವು, ಮಾತುಗಳು ಕಾಣುತ್ತಿರಲಿಲ್ಲ. ಕೇಳುವವನು ಇದ್ದಾನೆಯೇ ಎಂಬ ಪ್ರಶ್ನೆಯನ್ನು ಅಲ್ಲಿಯವರೆಗೆ ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ರಾತ್ರಿ ಕುಟುಂಬ ಪ್ರಾರ್ಥನೆಗೆ ಕೂತರೆ ಯಜಮಾನರ ವರದಿಯೂ ನಿಂತುಹೋಗಿತ್ತು. ಸುಮ್ಮನೆ ಕೂತು ಏಳುತ್ತಿದ್ದೆವು.

ಆ ದಿನಗಳಲ್ಲಿ ಒಂದು ಬೆಳಗ್ಗೆ ಅಕ್ಕಿ ಅಳೆದೆ. ಕೈ ತಾನಾಗಿ ಒಂದು ಹಿಡಿ ತೆಗೆದು ತಗಡಿನ ಡಬ್ಬಕ್ಕೆ ಹಾಕಿತು. ಭಕ್ತಿಯಿಂದಲ್ಲ, ಹದಿನೆಂಟು ವರ್ಷದ ರೂಢಿಯಿಂದ. ಅಕ್ಕಿ ಮೇಲೆಯೇ ನಿಂತಿತು, ಕೆಳಗೆ ಇಳಿಯಲಿಲ್ಲ. ನೋಡಿದರೆ ಡಬ್ಬ ತುಂಬಿಹೋಗಿದೆ. ಕೊಂಡೊಯ್ಯುವವರು ಬರುವಂತಿಲ್ಲ. ಅತ್ತೆ ಹಾಸಿಗೆ ಹಿಡಿಯುವವರೆಗೆ ಹಾಕಿದ ಹಿಡಿಗಳೂ ಅದರಲ್ಲಿಯೇ ಇದ್ದವು. ನಮ್ಮ ಮನೆಯಿಂದ ಮೂರು ಬೀದಿ ಆಚೆ ಕಟ್ಟಡವೊಂದರ ಕೆಲಸ ನಿಂತು, ಯಾದಗಿರಿಯ ಕಡೆಯ ನಾಲ್ಕು ಸಂಸಾರಗಳು ತಗಡಿನ ಗೂಡುಗಳಲ್ಲಿ ಉಳಿದುಬಿಟ್ಟಿದ್ದವು. ಮಗಳೂ ನಾನೂ ಮುಖಗವುಸು ಹಾಕಿಕೊಂಡು ಹೋಗಿ ಆ ಅಕ್ಕಿಯನ್ನು ಕೊಟ್ಟುಬಂದೆವು. ಒಬ್ಬಾಕೆ ಸೆರಗು ಒಡ್ಡಿ ತೆಗೆದುಕೊಂಡು, “ಯಾರ ಮನೀದವಾ ಇದು?” ಎಂದು ಕೇಳಿದಳು. ಅದೇ ಉತ್ತರದ ಕನ್ನಡ, ಅದೇ ‘ಅವಾ’. ನಾನು ಉತ್ತರ ಕೊಡಲಾರದೆ ನಿಂತಾಗ ಮಗಳು, “ನಮ್ಮ ಅಜ್ಜೀದು” ಎಂದಳು.

ಅಂದು ರಾತ್ರಿ ಪ್ರಾರ್ಥನೆಗೆ ಕೂತಾಗ ನಾಲ್ಕು ಮಾತು ಬಂದವು. ಎಲ್ಲ ಪ್ರಶ್ನೆಗಳೂ ತೀರಿದವೆಂದು ಹೇಳಲಾರೆ. ಕೆಲವು ಇಂದಿಗೂ ತೀರಿಲ್ಲ. ಆದರೆ ಒಂದು ಮಾತು ನನಗೆ ಖಚಿತವಾಗಿದೆ. ಭಾವನೆ ಇದ್ದಾಗ ಮಾಡಿದ ಅಭ್ಯಾಸ, ಭಾವನೆ ಇಲ್ಲದಾಗ ನಮ್ಮನ್ನು ಕಾಯುತ್ತದೆ. ಮನಸ್ಸು ದೇವರ ಮನೆಯನ್ನು ಬಿಟ್ಟು ಹೊರಗೆ ಅಲೆಯಲು ಹೋದಾಗ, ಒಲೆ ಆರದಂತೆ ಕೈ ನೋಡಿಕೊಳ್ಳುತ್ತದೆ. ಬರಿಯ ರೂಢಿಗೂ ಜೀವವಿರುವ ನೇಮಕ್ಕೂ ಇರುವ ಅಂತರವನ್ನು ಅಳೆಯಲು ನಾನು ಇಟ್ಟುಕೊಂಡಿರುವ ಮಾನವೂ ಸರಳವಾದದ್ದು: ಆ ನೇಮದಿಂದ ಮತ್ತೊಬ್ಬರ ಮನೆಗೆ ಏನಾದರೂ ತಲುಪುತ್ತದೆಯೇ? ತಲುಪುವುದಾದರೆ, ನನ್ನ ಮನಸ್ಸು ಅಂದು ಎಲ್ಲಿದ್ದರೂ ಅದು ವ್ಯರ್ಥವಲ್ಲ.

ಮಗಳು ಈಗ ಕೆಲಸದ ಮೇಲೆ ಪುಣೆಯಲ್ಲಿದ್ದಾಳೆ. ಅಲ್ಲಿ ಕೋಣೆಯೊಂದು, ವಿದ್ಯುತ್ತಿನ ಕುಕ್ಕರೊಂದು. ಹಿಂದಿನ ತಿಂಗಳು ಫೋನಿನಲ್ಲಿ, “ಅಮ್ಮಾ, ಕುಕ್ಕರಿನ ಜೊತೆಗೆ ಒಂದು ಸಣ್ಣ ಲೋಟ ಕೊಟ್ಟಿದ್ದಾರೆ. ನನ್ನೊಬ್ಬಳಿಗೆ ಅಳೆಯುವುದೇ ಅರ್ಧ ಲೋಟ. ಅದರಲ್ಲಿ ಒಂದು ಹಿಡಿ ತೆಗೆದರೆ ನನಗೇನು ಉಳಿಯುತ್ತದೆ?” ಎಂದು ಕೇಳಿದಳು.

“ಹಾಗಾದರೆ ಒಂದು ಚಿಟಿಕೆ ತೆಗೆದಿಡು. ಆದರೆ ಅಳೆದದ್ದರಿಂದಲೇ ತೆಗೆಯಬೇಕು” ಎಂದೆ.