ಸೆಟ್ಟಾಯಿತು

ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಸೈನ್ಸ್ ತೆಗೆದುಕೊಂಡವರ ಗೋಳು ಅನುಭವಿಸಿದವರಿಗೇ ಗೊತ್ತು. ಅವತ್ತು ಗಣಿತದ ಮೊದಲ ಪಾಠ. ಲೆಕ್ಚರರ್ ಬೋರ್ಡಿನ ಮೇಲೆ ಇಂಗ್ಲಿಷಿನ ಮೂರಕ್ಷರ ಬರೆದು, ಹಿಂದಿನ ಬೆಂಚಿನಲ್ಲಿ ಅಡಗಿ ಕೂತಿದ್ದ ನನ್ನ ಕಡೆಗೇ ಸೀಮೆಸುಣ್ಣ ತೋರಿಸಿ, ‘ಸೆಟ್ ಅಂದ್ರೇನಯ್ಯಾ?’ ಎಂದರು. ಎದ್ದು ನಿಂತೆ. ಬಾಯಿಗೆ ಬಂದದ್ದು, ‘ಪಂಪ್‌ಸೆಟ್ಟು ಸಾರ್.’

ಕ್ಲಾಸು ಕ್ಲಾಸೇ ನಕ್ಕಿತು. ಹೈಸ್ಕೂಲಿನಲ್ಲಿ ‘ಗಣ’ ಎಂದು ಓದಿ ಒಳ್ಳೆಯ ಅಂಕವನ್ನೇ ತೆಗೆದಿದ್ದೆ. ಅದೇ ಗಣ ಪ್ಯಾಂಟು ಹಾಕಿಕೊಂಡು ಸೆಟ್ಟಾಗಿ ಬಂದಿದೆ ಎಂದು ತಿಳಿಯಲು ಒಂದು ವಾರ ಬೇಕಾಯಿತು.

ಈಗ ಯೋಚಿಸಿದರೆ ನಾನು ಹೇಳಿದ್ದು ಅಷ್ಟೇನೂ ತಪ್ಪಲ್ಲ. ಮೋಟರು, ಪಂಪು, ಸ್ಟಾರ್ಟರು, ಪೈಪು, ಫುಟ್‌ವಾಲ್ವು ಎಲ್ಲ ಸೇರಿದರೆ ತಾನೇ ಸೆಟ್ಟು? ನಮ್ಮ ಪಂಪ್‌ಮನೆಯ ಗೋಡೆಗೆ ಹೊಡೆದ ಹಲಗೆಯ ಮೇಲೆ ಸ್ಟಾರ್ಟರ್ ಡಬ್ಬ ಇತ್ತು. ಅದರೊಳಗೆ ಯಾವಾಗಲೂ ಒಂದು ಹಲ್ಲಿಯ ಸಂಸಾರ. ತ್ರೀಫೇಸ್ ಕರೆಂಟು ಬರುತ್ತಿದ್ದದ್ದು ರಾತ್ರಿ ಊರು ಮಲಗಿದ ಮೇಲೆ. ಅಪ್ಪ ಬ್ಯಾಟರಿ ಹಿಡಿದು ಹೊರಟರೆ ಹಿಂದೆ ನಾನು. ಹಸಿರು ಗುಂಡಿ ಒತ್ತಿದೊಡನೆ ಮೋಟರು ಗುಂಯ್ ಎನ್ನುತ್ತಿತ್ತು. ಅಪ್ಪ ಪೈಪಿನ ಮೇಲೆ ಅಂಗೈ ಇಟ್ಟು, ವೈದ್ಯರು ನಾಡಿ ಹಿಡಿದ ಹಾಗೆ ಸುಮ್ಮನೆ ನಿಲ್ಲುತ್ತಿದ್ದ. ಪೈಪು ತಣ್ಣಗಾದರೆ ನೀರು ಹತ್ತಿತು ಎಂದು ಅರ್ಥ. ‘ಹ್ಞೂಂ, ನಡಿ’ ಎನ್ನುತ್ತಿದ್ದ.

ಈ ಮೂರಕ್ಷರ ಇಂಗ್ಲಿಷಿನವರಿಗೇ ಎಷ್ಟು ತಲೆನೋವು ಕೊಟ್ಟಿದೆ ಎಂಬುದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ಗ್ರಂಥಾಲಯದಲ್ಲಿ ಆಕ್ಸ್‌ಫರ್ಡಿನ ದೊಡ್ಡ ನಿಘಂಟನ್ನು ಎರಡೂ ಕೈಯಲ್ಲಿ ಎತ್ತಿ ಮೇಜಿಗೆ ಹಾಕಿಕೊಂಡಾಗ. 1884ರಲ್ಲಿ ಮೊದಲ ಕಂತು ಅಚ್ಚಾಗಿ, 1928ರಲ್ಲಿ ಮುಗಿದ ಕೆಲಸ ಅದು. ಮುಖ್ಯ ಸಂಪಾದಕ ಜೇಮ್ಸ್ ಮರ್ರೆ ಮುಗಿಯುವುದನ್ನು ನೋಡಲಿಲ್ಲ, 1915ರಲ್ಲೇ ತೀರಿಕೊಂಡ. ಸೆಟ್ ಇರುವ ಭಾಗ ಅವನ ಜೊತೆಗಾರ ಹೆನ್ರಿ ಬ್ರಾಡ್ಲಿಯ ಪಾಲಿಗೆ ಬಂದಿತ್ತು. ಪಾಪ, ಬ್ರಾಡ್ಲಿ! 1989ರ ಎರಡನೇ ಆವೃತ್ತಿಯಲ್ಲಿ ಈ ಕ್ರಿಯಾಪದಕ್ಕೆ ಕೊಟ್ಟಿರುವ ಅರ್ಥಗಳು 430. ಇಡೀ ನಿಘಂಟಿನಲ್ಲಿ ಅದೇ ಅತಿ ಉದ್ದದ ನಮೂದು. ಆಮೇಲೆ ‘ರನ್’ ಎಂಬ ಪದ ಓಡಿ ಬಂದು ಇದನ್ನು ಹಿಂದೆ ಹಾಕಿತು. ಪೀಟರ್ ಗಿಲ್ಲಿವರ್ ಎಂಬ ಸಂಪಾದಕ ಒಂಬತ್ತು ತಿಂಗಳು ಅದೊಂದನ್ನೇ ಹಿಡಿದು ಕೂತು 645 ಅರ್ಥ ಬಿಡಿಸಿದನಂತೆ. ಒಂಬತ್ತು ತಿಂಗಳಿಗೆ ನಮ್ಮಲ್ಲಿ ಬೇರೆ ಲೆಕ್ಕ.

ನನಗೆ ಹಿಡಿಸಿದ್ದು ಈ ಸಂಖ್ಯೆಗಳಲ್ಲ, ಪದದ ಹುಟ್ಟು. ಸೆಟ್ ಎಂದು ನಾವು ತಿಳಿದಿರುವುದು ಮೂಲದಲ್ಲಿ ಎರಡು ಪದ. ಗುಂಪು, ಜೊತೆ ಎಂಬ ಅರ್ಥದ್ದು ಲ್ಯಾಟಿನ್ನಿನಿಂದ ಫ್ರೆಂಚಿಗೆ ಬಂದು, ಅಲ್ಲಿಂದ ದಾಟಿದ್ದು. ಒಬ್ಬನ ಹಿಂದೆ ಹೋಗುವವರು, ಪಂಥ ಎಂಬುದು ಅದರ ಹಳೆಯ ಅರ್ಥ. ಇನ್ನೊಂದು ಅಪ್ಪಟ ಇಂಗ್ಲಿಷಿನದು, ‘ಸಿಟ್’ನ ಒಡಹುಟ್ಟು. ಅಂದರೆ ಕೂರಿಸು! ಇಷ್ಟು ತಿಳಿದ ಮೇಲೆ 430 ಅರ್ಥಗಳ ಭಯ ಅರ್ಧ ಹೋಯಿತು. ನಾವೂ ಅದನ್ನೇ ತಾನೇ ಮಾಡುವುದು? ಗಣೇಶನನ್ನು ಕೂರಿಸುತ್ತೇವೆ, ದಸರೆಗೆ ಬೊಂಬೆ ಕೂರಿಸುತ್ತೇವೆ, ಉಂಗುರಕ್ಕೆ ಹರಳು ಕೂರಿಸುತ್ತೇವೆ. ಮುರಿದ ಮೂಳೆ ‘ಚೆನ್ನಾಗಿ ಕೂತಿದೆ’ ಎಂದರೆ ಸಮಾಧಾನ. ಸೂರ್ಯನ ವಿಷಯದಲ್ಲಿ ಮಾತ್ರ ದಾರಿ ಬೇರೆ. ಹಳೆಯ ಇಂಗ್ಲಿಷಿನಲ್ಲಿ ಸಂಜೆಯ ಸೂರ್ಯ ತನ್ನ ಪೀಠಕ್ಕೆ ಹೋಗುತ್ತಿದ್ದ. ನಮ್ಮವನಿಗೆ ಕೂರುವ ಪುರುಸೊತ್ತಿಲ್ಲ, ಸೀದಾ ಮುಳುಗುತ್ತಾನೆ.

ಅವ್ವನಿಗೆ ಈ ಪದದ ಬಗ್ಗೆ ಬೇರೆಯೇ ಸಿದ್ಧಾಂತವಿತ್ತು. ಊರಿನ ಹಳೇ ಮನೆ ಕೆಡವಿ ಕಟ್ಟಿಸುವಾಗ ನಾನು ಜಾಣತನ ಮಾಡಲು ಹೋಗಿ, ಒಟ್ಟಿಗೆ ತಂದರೆ ಅಗ್ಗ ಎಂದು ಇಪ್ಪತ್ತು ಮೂಟೆ ಸಿಮೆಂಟು ತಂದು ಕೊಟ್ಟಿಗೆಯಲ್ಲಿ ಬರಿ ನೆಲದ ಮೇಲೆ ಪೇರಿಸಿದೆ. ಗಾರೆಯವರು ಬರುವುದು ತಡವಾಯಿತು, ಮಳೆ ಬರುವುದು ತಡವಾಗಲಿಲ್ಲ. ಕಲಸಿದ ಸಿಮೆಂಟು ಅರ್ಧ ಗಂಟೆಗೆ ಮೊದಲು ಬಿಗಿಯಕೂಡದು, ಹತ್ತು ಗಂಟೆಯೊಳಗೆ ಬಿಗಿದು ಮುಗಿಯಬೇಕು ಎಂದು ನಿಯಮವಿದೆ. ನನ್ನ ಸಿಮೆಂಟು ಯಾರ ಕೈಯಲ್ಲೂ ಕಲಸಿಸಿಕೊಳ್ಳದೆ, ಮೂಟೆಯೊಳಗೇ ಬಂಡೆಯಾಗಿತ್ತು. ಮೇಸ್ತ್ರಿ ಒಂದು ಮೂಟೆಯನ್ನು ಕಾಲಿನಿಂದ ಒದ್ದು, ‘ಸೆಟ್ಟಾಗ್ಬಿಟ್ಟಿದೆ ಸಾರ್’ ಎಂದ. ಅವ್ವ ಬಗ್ಗಿ ಮುಟ್ಟಿ ನೋಡಿದಳು. ‘ಹೌದಪ್ಪಾ, ಚೆನ್ನಾಗೇ ಸೆಟೆದುಕೊಂಡದೆ, ಥೇಟ್ ನಿಮ್ಮಪ್ಪನ ಹಂಗೆ.’

ಸೆಟೆ ನಮ್ಮದೇ ಪದ, ಸೆಟ್ಟಿಗೂ ಅದಕ್ಕೂ ನಂಟಿಲ್ಲ ಎಂದು ಹೇಳಲು ಹೋದೆ. ‘ಎರಡೂ ಗಟ್ಟಿ ಆಗಾದು ತಾನೇ, ಸುಮ್ನಿರು’ ಎಂದಳು. ನಿಘಂಟಿನವರಿಗೆ ನಂಟು ಬೇಕು, ಬಳಸುವವರಿಗೆ ಹೊಂದಿದರೆ ಸಾಕು. ನಮ್ಮ ಸಿನಿಮಾ ವರದಿಗಾರರು ಪದವನ್ನು ಹೀಗೇ ಎತ್ತಿಕೊಂಡು ‘ಚಿತ್ರ ಸೆಟ್ಟೇರಿತು’ ಮಾಡಲಿಲ್ಲವೇ? ಬ್ರಾಡ್ಲಿ ಎಷ್ಟೇ ಬೆವರು ಸುರಿಸಿದ್ದರೂ ಅವನಿಗೆ ಇದು ಸಿಗುತ್ತಿರಲಿಲ್ಲ. ಕೂರಬೇಕಾದ ಪದದ ಮೇಲೆ ನಾವು ಏರಿಬಿಟ್ಟಿದ್ದೇವೆ.

ಹೋದ ವರ್ಷ ಕಣ್ಣಿನ ಪರೀಕ್ಷೆಗೆಂದು ಅವ್ವನನ್ನು ಬೆಂಗಳೂರಿಗೆ ಕರೆತಂದಿದ್ದೆ. ವಾಪಸು ಬರುವಾಗ ಹೋಟೆಲಿನಲ್ಲಿ ಕೂತೆವು. ಮೆತ್ತಗಿರುತ್ತದೆ ಎಂದು ಅವಳಿಗೆ ಸೆಟ್‌ದೋಸೆ ಹೇಳಿದೆ.

‘ಮೂರು ತಿನ್ನಕ್ಕಾಗಲ್ಲ ಕಣಪ್ಪಾ, ಎರಡೇ ಕೊಡು’ ಎಂದಳು ಸಪ್ಲೈಯರ್ ಹುಡುಗನಿಗೆ.

‘ಸೆಟ್ ಒಡೆಯಕ್ಕಾಗಲ್ಲ ಅಜ್ಜಿ, ಮೂರಿದ್ರೇನೇ ಸೆಟ್ಟು.’

ಅವ್ವ ಅವನ ಮುಖ ನೋಡಿದಳು. ಸಾಗುವಿನ ಬಟ್ಟಲು, ಒಂದರ ಮೇಲೊಂದು ಹೊದ್ದು ಮಲಗಿದ ಮೂರು ದೋಸೆ, ಮೇಲೊಂದು ಬೆಣ್ಣೆ ಮುದ್ದೆ ಬಂತು. ಅವಳು ಸೆರಗು ಅಡ್ಡ ಹಿಡಿದು, ಬಾಯಿಂದ ಹಲ್ಲಿನ ಸೆಟ್ಟು ತೆಗೆದು, ಕರ್ಚೀಫಿನಲ್ಲಿ ಸುತ್ತಿ ನನ್ನ ಕೈಗಿಟ್ಟಳು.

‘ಇದನ್ನ ಹಿಡ್ಕೊ’ ಎಂದು, ಮೂರನ್ನೂ ತಿಂದಳು.